ಅತ್ತೆಯ ಸೊಂಟಕ್ಕೊಂದು ಗಾಡಿ

ನಾನು ರೊಟ್ಟಿಗೆಂದು ಒರಳಿನಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಿದ್ದೆ. ಖಾರದ ಘಾಟಿಗೆ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಮಧ್ಯಾಹ್ನ ಎಂದೂ ಮನೆಗೆ ಬಾರದ ಯಜಮಾನರು ಅಂದು ಗೊಬ್ಬರದ ಅಂಗಡಿಯಿಂದ ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ಯಾಕ ಅಳಾಕತ್ತಿ? ನಿನಗ ಯಾರು ಹೇಳಿದ್ರು?"

"ಮೆಣಸಿನಕಾಯಿ ಹೇಳ್ತು. ಏನಾತ್ರಿ?"

"ಲಿಂಗಸೂಗೂರಿಂದ ಫೋನ್ ಬಂದಿತ್ತು. ದೊಡ್ಡವ್ವ ಊಟ ಬಿಟ್ಟಾಳಂತ. 'ನನ್ನ ತಂಗಿನ ಒಮ್ಮೆ ತೋರಸ್ರಿ' ಅಂತ ಒಂದ ಹಟ ಹಿಡದಾಳಂತ."

ದೊಡ್ಡವ್ವ ಅಂದರೆ ನನ್ನ ಅತ್ತೆಯ ಅಕ್ಕ. ಒಡಹುಟ್ಟಿದವರಲ್ಲಿ ಉಳಿದದ್ದು ಇವರಿಬ್ಬರೇ. ಅವರು ಲಿಂಗಸೂಗೂರಿನಲ್ಲಿ ಹಾಸಿಗೆ ಹಿಡಿದಿದ್ದರು. ಇತ್ತ ಸಿಂಧನೂರಿನಲ್ಲಿ ನಮ್ಮ ಅತ್ತೆ ಹಿಂದಿನ ಯುಗಾದಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಎಲುಬು ಕೂಡಿತ್ತು, ಕೋಲು ಹಿಡಿದು ಅಂಗಳದವರೆಗೆ ಬರುತ್ತಿದ್ದರು. ಆದರೆ ಬಸ್ಸು ಮಾತ್ರ ಹತ್ತಬಾರದು, ತಗ್ಗಿನಲ್ಲಿ ಎತ್ತಿ ಹಾಕಿದರೆ ಮತ್ತೆ ಮಲಗಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಮ್ಮೆ ಬಾಡಿಗೆ ಕಾರು ಮಾಡಿ ಹೊರಟೆವು. ಮಸ್ಕಿ ಮುಟ್ಟುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡು ತುಟಿ ನಡುಗತೊಡಗಿತು. ಅಲ್ಲಿಂದಲೇ ಹಿಂದಿರುಗಿಸಿಕೊಂಡು ಬಂದೆವು. ಆಮೇಲೆ ಅತ್ತೆ ಅಕ್ಕನ ಹೆಸರು ತೆಗೆಯುವುದನ್ನೇ ಬಿಟ್ಟಿದ್ದರು. ಅದು ನನಗೆ ಅಳುವುದಕ್ಕಿಂತ ಕಷ್ಟವಾಗಿ ಕಾಣುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತಿದು. ದಢೇಸುಗೂರಿನ ನಮ್ಮ ಗದ್ದೆಗೆ ಕಾಲುವೆ ನೀರು ಕೈಕೊಡದೆ ಎರಡು ವರ್ಷ ಭತ್ತ ಚೆನ್ನಾಗಿ ಬಂದಿತ್ತು. ದೊಡ್ಡ ಗಾಡಿ ಒಂದನ್ನು ತೆಗೆದುಕೊಳ್ಳಬೇಕೆಂದು ಯಜಮಾನರೂ ಅವರ ತಮ್ಮನೂ ಮಾತಾಡಿಕೊಳ್ಳುತ್ತಲೇ ಇದ್ದರು. ಫೋನು ಬಂದ ಮೇಲೆ ಬರೀ ಮಾತಾಡುವುದು ಮುಗಿಯಿತು.

ನೋಡಿದ್ದು ಎರಡು ಗಾಡಿ. ಎರಡೂ ಆ ಕಾಲಕ್ಕೆ ಶ್ರೀಮಂತರು ಏರುವಂಥವೇ. ಒಂದು ಬೆಳ್ಳಿ ಬಣ್ಣದ್ದು, ಊರಿನ ರೈಸ್ ಮಿಲ್ಲಿನ ಮಾಲೀಕರೊಬ್ಬರು ಎರಡು ವರ್ಷ ಓಡಿಸಿದ್ದು. ಮಖಮಲ್ಲಿನ ಸೀಟು, ಒಳಗೆ ತಂಪು ಗಾಳಿ, ಗುಂಡಿ ಒತ್ತಿದರೆ ಇಳಿಯುವ ಗಾಜು. ಇನ್ನೊಂದು ಕೆಂಪಗೆ, ಹೊಚ್ಚ ಹೊಸದು, ರಾಯಚೂರಿನಿಂದ ನೋಡುವುದಕ್ಕೆಂದು ಎರಡು ದಿನಕ್ಕೆ ಡ್ರೈವರನ ಜೊತೆ ಕಳಿಸಿದ್ದರು. ಅದು ಎತ್ತರ, ಉದ್ದ, ಜಾಗವೂ ಬೇಕಾದಷ್ಟು. ತಂಪು ಗಾಳಿ ಇರಲಿಲ್ಲ. ಬೆಲೆ ಹೆಚ್ಚುಕಡಿಮೆ ಒಂದೇ.

ಯಜಮಾನರೂ ನನ್ನ ಮೈದುನನೂ ಎರಡರಲ್ಲೂ ಮಸ್ಕಿಯವರೆಗೆ ಹೋಗಿ ಬಂದರು. ಬೆಳ್ಳಿ ಗಾಡಿಯಿಂದ ಮೈದುನ ಮದುಮಗನ ಹಾಗೆ ಇಳಿದ.

"ವೈನಿ, ತೊಟ್ಟಿಲದಾಗ ಮಲಗಿಸಿ ತೂಗಿದಂಗ ಐತಿ!"

ಕೆಂಪು ಗಾಡಿಯಿಂದ ಇಳಿಯುವಾಗ ಮಾತ್ರ ಇಬ್ಬರೂ ಸೊಂಟ ಹಿಡಿದುಕೊಂಡಿದ್ದರು. "ಇದರಾಗ ಅವ್ವನ ಕುಂದರಿಸಿದ್ರ ಎಲುಬು ಆರಿಸಿಕೊಂಡು ಬರಬೇಕಾಗ್ತೈತಿ," ಅಂದ ಮೈದುನ.

ಗ್ಯಾರೇಜಿನ ಮಿಸ್ತ್ರಿಯನ್ನೂ ಮನೆಗೆ ಕರೆಸಿದರು. ಆತ ಎರಡರ ಕೆಳಗೂ ಹೊಕ್ಕು ನೋಡಿ, ಚಹಾ ಕುಡಿದು, ಬೆಳ್ಳಿ ಗಾಡಿಯ ಕಡೆ ಕೈ ಮಾಡಿದ.

"ಸಾವ್ಕಾರ, ಕೂಡಾಕ ಇದು ಪಲ್ಲಂಗ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಕೆಟ್ಟು ನಿಂತ್ರ ಸಾಮಾನು ಹೈದರಾಬಾದಿಂದ ಬರಬೇಕು. ಬರೂತನ ನಿಮ್ಮ ಆಕಳಕರ ಇದರ ನೆಳ್ಳಿಗೆ ಮಲಗತೈತಿ. ಕೆಂಪು ಗಾಡಿದು ಎಲ್ಲಾ ಸಾಮಾನು ಇಲ್ಲೇ ಸಿಗ್ತೈತಿ, ಟೈರೂ ಅಗ್ಗ, ಡೀಸೆಲ್ಲೂ ಕಡಿಮಿ ಕುಡಿತೈತಿ."

"ನಿನಗ ಬಿಚ್ಚಾಕ ಬರಲಾರದ ಗಾಡಿ ಎಲ್ಲಾ ಕೆಟ್ಟದ್ದ ಬಿಡಪಾ," ಎಂದ ಮೈದುನ.

ಯಜಮಾನರು, "ಖರ್ಚು ಆದ್ರ ಆಗಲಿ. ಅವ್ವನ ಸೊಂಟಕ್ಕಿಂತ ಟೈರ್ ಹೆಚ್ಚಲ್ಲ," ಎಂದರು. ಬೆಳ್ಳಿ ಗಾಡಿಗೇ ಮುಂಗಡ ಕೊಡುವುದೆಂದಾಯಿತು. ಸುಳ್ಳೇಕೆ ಹೇಳಲಿ, ನನಗೂ ಹಿಗ್ಗಾಯಿತು. ಬೇಸಿಗೆಯೆಲ್ಲ ಒಲೆಯ ಮುಂದೆ ಬೇಯುವವಳಿಗೆ ಆ ತಂಪು ಗಾಳಿಯ ಆಸೆ ಇರುವುದಿಲ್ಲವೇ?

ಸಂಜೆ ದೀಪ ಹಚ್ಚಿ ಕೈ ಮುಗಿದು ನಿಂತಾಗ ಮನಸ್ಸು ದೇವರಲ್ಲಿ ನಿಲ್ಲದೆ ನನ್ನ ತವರಿನ ಗದ್ದೆಯ ಕಡೆ ಹೋಯಿತು. ಬೆಳಿಗ್ಗೆ ನಮ್ಮಪ್ಪನ ಖಾಲಿ ಬಂಡಿಯಲ್ಲಿ ಹೊಲಕ್ಕೆ ಹೋಗುವಾಗ ಹಲ್ಲು ಕಟಕಟ ಬಡಿಯುತ್ತಿದ್ದವು. ಸಂಜೆ ಅದೇ ಬಂಡಿಯಲ್ಲಿ ಭತ್ತದ ಚೀಲದ ಮೇಲೆ ಕೂತು ಬರುವಾಗ ನಿದ್ದೆಯೇ ಹತ್ತಿಬಿಡುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು. ಪೂಜೆ ಮುಗಿಸಿಯೇ ಹೊರಗೆ ಬಂದೆ. ಅಷ್ಟು ತಾಳ್ಮೆಯನ್ನು ಶಿವ ಕೊಟ್ಟ.

"ಏನ್ರಿ, ನೀವು ನೋಡಾಕ ಹೋದಾಗ ಗಾಡಿಯಾಗ ಎಷ್ಟು ಮಂದಿ ಇದ್ರಿ?"

"ನಾವಿಬ್ರು, ಡ್ರೈವರ್."

"ಎಲ್ಲಿ ಕುಂತಿದ್ರಿ?"

"ಮುಂದ. ಮತ್ತೆಲ್ಲಿ ಕೂಡ್ತಾರ?"

"ಲಿಂಗಸೂಗೂರಿಗೆ ನಾವು ಒಂಬತ್ತು ಮಂದಿ ಹೋಗೋರು. ಅತ್ತಿ ಹಿಂದ ಕೂಡೋರು. ಖಾಲಿ ಬಂಡಿ ಕುಣೀತೈತಿ, ಹೇರಿದ ಬಂಡಿ ಕುಣಿಯಂಗಿಲ್ಲ. ಒಕ್ಕಲುತನ ಮಾಡೋರ ಮಕ್ಕಳಿಗೆ ನಾ ಹೇಳಬೇಕೇನು?"

ಮೈದುನ ನಕ್ಕ. "ವೈನಿ, ಚೀಲ ಹೇರಾಕ ಟ್ರ್ಯಾಕ್ಟರ್ ಐತಿ ನಮಗ." ಯಜಮಾನರು ಮಾತ್ರ ನಗಲಿಲ್ಲ. ಮಿಲ್ಲಿನವರಿಗೆ ಮುಂಗಡ ನಾಳೆ ಕೊಡುತ್ತೇವೆಂದು ಹೇಳಿ ಕಳಿಸಿದರು.

ಮರುದಿನ ನಾವೆಲ್ಲ ಹತ್ತಿದೆವು: ನಾನು, ಮೈದುನನ ಹೆಂಡತಿಯಾದ ನನ್ನ ನೆಗೆಣ್ಣಿ, ಅಣ್ಣ ತಮ್ಮ, ಎರಡೂ ಕಡೆಯ ನಾಲ್ಕು ಮಕ್ಕಳು. ಅತ್ತೆಯನ್ನು ಪಣಕ್ಕೆ ಒಡ್ಡುವುದು ಬೇಡವೆಂದು ಅವರ ಜಾಗದಲ್ಲಿ ನಾನೇ ಕೂತೆ. ಅವರ ತೂಕಕ್ಕೆ ಒಂದು ಅಕ್ಕಿಚೀಲ ಏರಿಸಿದೆವು.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ, "ಲೇ, ನಾ ಅಷ್ಟು ದಪ್ಪ ಅದೀನೇನಲೇ?" ಎಂದು ಮಗನನ್ನು ಗದರಿದರು. "ಅರ್ಧ ಚೀಲ ಹಾಕು!"

ಗಾಡಿಯ ಕುಲುಕಾಟ ಅಳೆಯಲು ನನ್ನ ಬಳಿ ಬೇರೇನೂ ಇರಲಿಲ್ಲ. ರುದ್ರಾಕ್ಷಿ ಸರ ಹಿಡಿದು ಪಂಚಾಕ್ಷರಿ ಜಪ ಶುರು ಮಾಡಿದೆ. ಬೆಳ್ಳಿ ಗಾಡಿ ಊರೊಳಗೆ ತೇಲಿಕೊಂಡು ಹೋಯಿತು. ಊರು ದಾಟಿ ಎರೆಭೂಮಿಯ ನಡುವಿನ ಏರುತಗ್ಗಿನ ರಸ್ತೆಗೆ ಬಿದ್ದದ್ದೇ ತಡ, ಪ್ರತಿ ಮೋರಿಗೂ ಹಿಂಭಾಗ ಕುಸಿದು ಧಡ್ ಎಂದು ಬಡಿಯತೊಡಗಿತು. ಮೂರು ಸಲ ಎಣಿಕೆ ತಪ್ಪಿತು. ನಾಲ್ಕನೆಯ ಸಲ ನಾನು ಶಿವನ ಹೆಸರಿನ ಬದಲು "ಯವ್ವಾ" ಎಂದೆ. ಮುಂದೆ ಕೂತ ಮೈದುನನಿಗೆ ಏನೂ ಗೊತ್ತಾಗಲಿಲ್ಲ.

"ಹಿಂದ ಬಂದು ಕುಂತು ನೋಡಪಾ," ಎಂದೆ. ಬಂದು ಕೂತ. ಎರಡು ಮೋರಿ ದಾಟಿದ ಮೇಲೆ ತಲೆ ಸವರಿಕೊಂಡ.

ಮಧ್ಯಾಹ್ನ ಅದೇ ಮಂದಿ, ಅದೇ ಅಕ್ಕಿಚೀಲ, ಅದೇ ರಸ್ತೆ. ಕೆಂಪು ಗಾಡಿ ಅಷ್ಟೂ ಭಾರವನ್ನು ಮೈಮೇಲೆ ಎಳೆದುಕೊಂಡು, ಹೊಟ್ಟೆ ತುಂಬಿದ ಎತ್ತಿನ ಹಾಗೆ ನಿಧಾನಕ್ಕೆ ಸಾಗಿತು. ಮೆತ್ತಗಿತ್ತು ಎಂದು ಹೇಳಲಾರೆ, ಆದರೆ ಎತ್ತಿ ಹಾಕಲಿಲ್ಲ. ಮಸ್ಕಿಯ ಗುಡ್ಡ ಕಾಣುವಷ್ಟರಲ್ಲಿ ಸರ ಎಷ್ಟೋ ಸುತ್ತು ಬಂದಿತ್ತು, ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಮಕ್ಕಳು ನನ್ನ ಮೇಲೆಯೇ ಒರಗಿ ಮಲಗಿದ್ದವು.

ಸಂಜೆ ಕೆಂಪು ಗಾಡಿಗೇ ಮುಂಗಡ ಕೊಟ್ಟರು. ತಂಪು ಗಾಳಿ ಹೋಯಿತಲ್ಲ ಎಂದು ಮೈದುನ ಎರಡು ದಿನ ಮುಖ ಊದಿಸಿಕೊಂಡಿದ್ದ. "ಆ ಥಂಡಿ ಗಾಳಿ ನನ್ನ ಮೊಣಕಾಲಿಗೆ ಆಗಂಗಿಲ್ಲಪಾ," ಎಂದು ಅತ್ತೆ ಸಮಾಧಾನ ಹೇಳಿದರು. ನನ್ನ ಸಮಾಧಾನವನ್ನು ನಾನೇ ಮಾಡಿಕೊಂಡೆ: ಕಿಟಕಿ ದೊಡ್ಡವಿದ್ದವು, ಕಾಲುವೆ ಮೇಲಿನ ಗಾಳಿ ಪುಕ್ಕಟೆ ಬರುತ್ತಿತ್ತು.

ಗಾಡಿ ಮನೆಗೆ ಬಂದ ಮರುದಿನವೇ ಹೊರಟೆವು. ಗಾಡಿ ಎತ್ತರವಾದ್ದರಿಂದ ಕೆಳಗೆ ಮಣೆ ಇಟ್ಟು, ಒಂದು ಕಡೆ ನಾನು, ಒಂದು ಕಡೆ ನೆಗೆಣ್ಣಿ ಹಿಡಿದು ಅತ್ತೆಯನ್ನು ಹತ್ತಿಸಿದೆವು. ಬೆನ್ನಿಗೆ ಎರಡು ದಿಂಬು ಕೊಟ್ಟೆವು. ಮಸ್ಕಿಯಲ್ಲಿ, ಹಿಂದೆ ನಾವು ತಿರುಗಿ ಬಂದಿದ್ದ ಜಾಗ ಬಂತು. ಯಜಮಾನರು ಗಾಡಿ ನಿಲ್ಲಿಸಿ ಹಿಂದಕ್ಕೆ ಹೊರಳಿದರು. ಅತ್ತೆ ಕಣ್ಣು ಮುಚ್ಚಿದ್ದರು. ನಾನು ಬಗ್ಗಿ ಅವರ ಮುಖ ನೋಡಿದೆ.

"ಅವ್ವಾ... ಅವ್ವಾ, ಹೆಂಗದಿ?"

ಅತ್ತೆ ಬೆಚ್ಚಿ ಕಣ್ಣು ಬಿಟ್ಟರು. "ಯಾಕ ನಿಲ್ಲಿಸಿದಿ? ಲಿಂಗಸೂಗೂರು ಬಂತೇನು?"

ನಿದ್ದೆ ಹೋಗಿದ್ದರು! ಗುಡ್ಡದ ಮಲ್ಲಯ್ಯನಿಗೆ ಕೂತಲ್ಲಿಂದಲೇ ಎಲ್ಲರೂ ಕೈ ಮುಗಿದೆವು. ಯಜಮಾನರು ಕಣ್ಣೊರೆಸಿಕೊಂಡದ್ದನ್ನು ಕನ್ನಡಿಯಲ್ಲಿ ನೋಡಿದೆ, ನೋಡದವಳ ಹಾಗೆ ಇದ್ದೆ.

ಲಿಂಗಸೂಗೂರಿನ ಮನೆಯಲ್ಲಿ ದೊಡ್ಡವ್ವ ಮಂಚದ ಮೇಲೆ ಎಲುಬಿನ ಹಂದರವಾಗಿ ಮಲಗಿದ್ದರು. ತಂಗಿಯನ್ನು ಪಕ್ಕದಲ್ಲಿ ಕೂರಿಸಿದೆವು. ಬಹಳ ಹೊತ್ತು ಒಬ್ಬರ ಮುಖ ಒಬ್ಬರು ಸವರಿದರು.

"ಗಾಡಿ ಬಂದ ಮ್ಯಾಲೆ ಅಕ್ಕ ನೆನಪಾದ್ಲೇನಬೇ?" ಎಂದು ದೊಡ್ಡವ್ವನೇ ಶುರು ಮಾಡಿದರು.

"ನೀ ಬರಬೇಕಿತ್ತು. ನಿನ್ನ ಮಗನ ಹತ್ರ ಮೋಟರ್ ಸೈಕಲ್ ಐತಲ್ಲ."

"ಹಿಂದ ಕುಂತು ಬರಬೇಕಿತ್ತೇನು, ಹೊಸಾ ಸೊಸಿನಂಗ?"

ಹಲ್ಲಿಲ್ಲದ ಎರಡು ಬಾಯಿ ಒಟ್ಟಿಗೆ ನಕ್ಕವು. ನಗು ನಿಂತ ಮೇಲೆ ಅತ್ತೆ ಅಕ್ಕನ ಹೊಟ್ಟೆಯ ಮೇಲೆ ಕೈ ಇಟ್ಟು, "ಉಣ್ಣಂಗಿಲ್ಲಂತಲ್ಲ ನೀ?" ಎಂದು ಕೇಳಿದರು.

ದೊಡ್ಡವ್ವ ಆ ಕೈಯನ್ನು ಅಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಏ ಯವ್ವಾ, ಪುಂಡಿಪಲ್ಲೆ ಮಾಡ್ತಿಯೇನು? ಮೆತ್ತಗ ಕುದಿಸು. ಇಬ್ರೂ ಕೂಡೇ ಉಣ್ತೀವಿ."

ಅವರ ಸೊಸೆ ಹಿತ್ತಲಿನಿಂದ ಒಂದು ಬುಟ್ಟಿ ಪುಂಡಿ ಸೊಪ್ಪು ಕಿತ್ತು ತಂದಳು. ನಾನು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತು, ಎಳೆಯ ಎಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.