ಒಂದು ಟಿಟ್ಟಿಭ, ಒಂದು ತುಂಡು ಪೈಪು

ಕೆಟ್ಟ ಫೋಟೊ ಕಂಡರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಬೇರೆಯವರು ತಲೆಯ ಮೇಲೆ ಕೈಹೊತ್ತು ಕೂರುವ ಹೊತ್ತಿಗೆ ನಾನು ಅದನ್ನು ತಿದ್ದಲು ಅಂಗಿಯ ತೋಳು ಮಡಚುತ್ತೇನೆ. ಮೊನ್ನೆ ಭಾನುವಾರ ಬೆಳಿಗ್ಗೆ ನ್ಯಾಮತಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ತೆರೆದು, ಹಿಂದಿನ ದಿನ ಜಗಳೂರು ಕಡೆಯ ಹೊಲವೊಂದರಲ್ಲಿ ತೆಗೆದ ಫೋಟೊ ನೋಡಿದಾಗಲೂ ಹಾಗೇ ಆಯಿತು. ಫೋಟೊದಲ್ಲಿ ಏನಿತ್ತು ಎಂದು ಕೇಳುತ್ತೀರಾ? ಮಣ್ಣಿತ್ತು. ಬೂದುಗಂದು ಮಣ್ಣಿನ ನಡುವೆ ಅದೇ ಬಣ್ಣದ ಒಂದು ಮಬ್ಬು ಮುದ್ದೆಯಿತ್ತು. ಆ ಮುದ್ದೆಯೇ ಹಕ್ಕಿ. ಕಾಫಿ ಲೋಟ ಇಡಲು ಬಂದ ನನ್ನ ಹೆಂಡತಿ ಇಣುಕಿ ನೋಡಿ, ಇದಕ್ಕೇನಾ ಮೂರು ಬಸ್ಸು ಹತ್ತಿ ಹೋಗಿದ್ದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಈ ಹಕ್ಕಿಯ ಹಿಂದೆ ಒಂದು ಅವಸರವಿತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಡ್ರಾಯಿಂಗ್ ಮೇಷ್ಟ್ರು, ಹಕ್ಕಿಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ನಮ್ಮ ಹೈಸ್ಕೂಲಿನ ಗುಮಾಸ್ತ ತಿಪ್ಪೇಸ್ವಾಮಿಯ ಊರು ಜಗಳೂರಿನ ಆಚೆ. ಊರಿಗೆ ಹೋದವನು ತಮ್ಮ ಹೊಲದ ಮೂಲೆಯಲ್ಲಿ ಹಳದಿ ಟಿಟ್ಟಿಭವೊಂದು ಮೊಟ್ಟೆಯ ಮೇಲೆ ಕೂತದ್ದನ್ನು ಕಂಡಿದ್ದ. ಈ ಹಕ್ಕಿ ಗೂಡು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಬಯಲು ನೆಲದಲ್ಲಿ ನಾಲ್ಕು ಹರಳುಕಲ್ಲು ಸರಿಸಿ ಅಲ್ಲೇ ಮೊಟ್ಟೆ ಇಟ್ಟುಬಿಡುತ್ತದೆ. ಮೊಟ್ಟೆ ಯಾವುದು ಮಣ್ಣು ಯಾವುದು ಎಂದು ತಿಳಿಯುವುದೇ ಕಷ್ಟ. ಸೋಮವಾರ ಬೆಳಿಗ್ಗೆ ಆ ಹೊಲಕ್ಕೆ ಟ್ರ್ಯಾಕ್ಟರ್ ಬರುವುದಿತ್ತು. ಕರೆಸಿದ್ದವರು ತಿಪ್ಪೇಸ್ವಾಮಿಯ ಅಣ್ಣ ಓಬಣ್ಣ. ಬೇಸಾಯವೆಲ್ಲ ಅವರದೇ. ಮಂಡಿಯ ಆಪರೇಷನ್ ಆಗಿ ಮಂಚ ಹಿಡಿದಿದ್ದರಿಂದ ಹೊಲಕ್ಕೆ ಹೋಗಿ ನೋಡುವಂತಿರಲಿಲ್ಲ. ತಮ್ಮನ ಮಾತು ನಂಬುವಂತೆಯೂ ಇರಲಿಲ್ಲ, ಏಕೆಂದರೆ ಬಿತ್ತನೆ ಬಂತೆಂದರೆ ತಿಪ್ಪೇಸ್ವಾಮಿ ಏನಾದರೊಂದು ತಕರಾರು ತೆಗೆಯುವುದು ಮನೆಯಲ್ಲಿ ರೂಢಿಯಾಗಿತ್ತು. ಹಕ್ಕಿ ಐತೆ ಅಂತೀಯಲ್ಲ, ತೋರಿಸು ಎಂದಿದ್ದರಂತೆ ಅಣ್ಣ. ತೋರಿಸಿದರೆ ಆ ಮೂಲೆ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರ ನೇಗಿಲು ಮೊಟ್ಟೆಯ ಮೇಲೆ ಹೋಗುತ್ತದೆ. ಇಷ್ಟೇ ವ್ಯಾಜ್ಯ. ದೂರದಿಂದ ಮೊಬೈಲಿನಲ್ಲಿ ಹಕ್ಕಿ ಸಿಗುವುದಿಲ್ಲವೆಂದು, ಸಾಕ್ಷಿ ಒದಗಿಸಲು ತಿಪ್ಪೇಸ್ವಾಮಿ ನನ್ನನ್ನು ಕ್ಯಾಮೆರಾ ಸಮೇತ ಕರೆದುಕೊಂಡು ಹೋಗಿದ್ದ.

ನಾವು ಹೊಲ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಫೋಟೊ ತೆಗೆಯುವವರು ಆ ಹೊತ್ತಿನಲ್ಲಿ ಮಲಗಿ ನಿದ್ದೆ ಮಾಡುತ್ತಾರೆ. ನೆಲದಿಂದ ಏಳುವ ಝಳಕ್ಕೆ ದೂರದ್ದೆಲ್ಲ ನೀರಿನೊಳಗಿದ್ದಂತೆ ಅಲುಗಾಡುತ್ತದೆ. ಹತ್ತಿರ ಹೋದರೆ ಹಕ್ಕಿ ಎದ್ದು ಹೋಗಿ ಮೊಟ್ಟೆಗೆ ಬಿಸಿಲು ಬಡಿಯುತ್ತದೆ ಎಂದು ದೂರದಲ್ಲೇ ಹೊಟ್ಟೆಯ ಮೇಲೆ ಮಲಗಿದೆ. ನನ್ನ ಹೊಟ್ಟೆ ಅಂಥ ಕೆಲಸಕ್ಕೆ ಹೇಳಿಮಾಡಿಸಿದ್ದಲ್ಲ. ಒಂದೇ ಸಮನೆ ಫೋಟೊ ತೆಗೆದುಕೊಂಡು, ಮೊಣಕೈ ಕೆರೆದುಕೊಂಡು, ಕೆಟ್ಟಿದ್ದು ಮನೆಯಲ್ಲಿ ಸರಿಹೋಗುತ್ತದೆ ಎಂಬ ಧೈರ್ಯದಲ್ಲಿ, ತಿಪ್ಪೇಸ್ವಾಮಿಯನ್ನು ಅವನ ಊರಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಭಾನುವಾರ ಮಾಡಿದ್ದು ಅದನ್ನೇ. ಇದ್ದುದರಲ್ಲಿ ಹಕ್ಕಿ ಕತ್ತೆತ್ತಿ ಠೀವಿಯಿಂದ ಕೂತ ಫೋಟೊ ಆರಿಸಿಕೊಂಡೆ. ಮಬ್ಬು ತೆಗೆದೆ. ನೆತ್ತಿಯ ಕರಿ ಟೋಪಿಗೆ ಮಿರುಗು ಬಂತು, ಕೊಕ್ಕಿನ ಬುಡದಲ್ಲಿ ಇಳಿಬಿದ್ದ ಹಳದಿ ಜೋಲು ಅರಿಶಿನ ಹಚ್ಚಿದಂತೆ ಎದ್ದು ಕಂಡಿತು. ಹುರುಪು ಬಂದಮೇಲೆ ನಿಲ್ಲಿಸುವ ಅಭ್ಯಾಸ ನನಗಿಲ್ಲ. ಮಣ್ಣಿಗೆ ಒಂದಿಷ್ಟು ಹೊನ್ನಿನ ಬಣ್ಣ ಕೊಟ್ಟೆ, ಹಕ್ಕಿಯ ಹಿಂದೆ ಕಾಣುವುದನ್ನೆಲ್ಲ ಹಸಿರಾಗಿ ಕರಗಿಸಿದೆ. ಹಕ್ಕಿಯ ಪಕ್ಕದಲ್ಲಿ ಯಾವುದೋ ಕರಿ ಪೈಪಿನ ತುಂಡು, ಮುರುಕು ಕಲ್ಲು, ಹರಿದ ಗೊಬ್ಬರದ ಚೀಲದ ಚೂರು ಬಿದ್ದಿದ್ದವು. ಕಸ ಗುಡಿಸುವಂತೆ ಒಂದೊಂದನ್ನೇ ಅಳಿಸಿದೆ. ಊಟದ ಹೊತ್ತಿಗೆ ಹಕ್ಕಿ ಕ್ಯಾಲೆಂಡರಿಗೆ ಸಿದ್ಧವಾಗಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ, ಅವಳೂ ತಲೆದೂಗಿದಳು. ತಿಪ್ಪೇಸ್ವಾಮಿಯ ಫೋನಿಗೆ ಕಳಿಸಿ, ಗೆದ್ದವನ ಹಾಗೆ ಊಟಕ್ಕೆ ಕೂತೆ.

ಅನ್ನಕ್ಕೆ ಸಾರು ಹಾಕಿಸಿಕೊಳ್ಳುವಷ್ಟರಲ್ಲಿ ಅವನ ಫೋನ್ ಬಂತು. ಧ್ವನಿ ಸಣ್ಣದಾಗಿತ್ತು. ಅಣ್ಣ ಫೋಟೊ ನೋಡಿದರಂತೆ. ಹಿಗ್ಗಿಸಿ ಹಿಗ್ಗಿಸಿ ನೋಡಿದರಂತೆ. ಆಮೇಲೆ ಫೋನು ವಾಪಸು ಕೊಟ್ಟು ಹೇಳಿದ್ದನ್ನು ತಿಪ್ಪೇಸ್ವಾಮಿ ಇದ್ದಂತೆಯೇ ಒಪ್ಪಿಸಿದ.

"ಹಕ್ಕಿ ಚೆನ್ನಾಗೈತೆ. ಆದ್ರೆ ಇದು ನಮ್ಮ ಹೊಲ ಅಲ್ಲ."

ಮೊಬೈಲಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಫೋಟೊ ತೋರಿಸಿ ತಮ್ಮ ತನ್ನನ್ನು ಮಂಗ ಮಾಡುತ್ತಿದ್ದಾನೆಂದು ಅವರ ಸಿಟ್ಟು. ನನಗೂ ಸಿಟ್ಟು ಬಂತು. ಮೊಣಕೈಯ ಗಾಯ ಇನ್ನೂ ಉರಿಯುತ್ತಿರುವಾಗ ಫೋಟೊ ಕದ್ದ ಅಪವಾದ ಬೇರೆ. ಕೈ ತೊಳೆದು ಬಂದು ಕಂಪ್ಯೂಟರಿನ ಮುಂದೆ ಕೂತೆ. ಸಿಟ್ಟು ಇಳಿಯುತ್ತ ಹೋದಂತೆ, ಇದು ನಮ್ಮದಲ್ಲ ಎಂಬ ಮಾತನ್ನು ಹಿಂದೆಲ್ಲೋ ಕೇಳಿದ್ದೇನೆ ಅನ್ನಿಸತೊಡಗಿತು. ಎಲ್ಲಿ ಎಂದು ನೆನಪಾದಾಗ ಮೌಸಿನಿಂದ ಕೈ ತೆಗೆದೆ.

ನೀವು ನನ್ನನ್ನು ಹುಟ್ಟು ಮೇಷ್ಟ್ರು ಎಂದುಕೊಂಡಿರಬಹುದು. ಅಲ್ಲ. ಚನ್ನಗಿರಿಯಲ್ಲಿ ಓದು ಮುಗಿಸಿ, ನೌಕರಿ ಸಿಗುವವರೆಗೆ ಎರಡು ವರ್ಷ ಹೊನ್ನಾಳಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಟಚಿಂಗ್, ಅಂದರೆ ಫೋಟೊ ತಿದ್ದುವ ಕೆಲಸ ಮಾಡಿದ್ದೆ. ಮೂವತ್ತೈದು ವರ್ಷದ ಹಿಂದಿನ ಮಾತು. ಸ್ಟುಡಿಯೋ ಗೌಸ್ ಸಾಹೇಬರದು. ತೆಳ್ಳನೆಯ ಮನುಷ್ಯ, ಡಾರ್ಕ್ ರೂಮಿನಿಂದ ಹೊರಬಂದಾಗಲೆಲ್ಲ ಕಣ್ಣು ಕಿರಿದು ಮಾಡಿ ನಮ್ಮನ್ನು ಹೊಸಬರಂತೆ ನೋಡುತ್ತಿದ್ದರು. ಅಂಗಡಿಯಲ್ಲೆಲ್ಲ ಫೋಟೊ ತೊಳೆಯುವ ಹೈಪೋ ದ್ರಾವಣದ ಹುಳಿ ವಾಸನೆ. ಅದು ನನ್ನ ಅಂಗಿಗೂ ಅಂಟಿ, ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಆಗೆಲ್ಲ ತಿದ್ದುವುದು ನೆಗೆಟಿವ್ ಮೇಲೆಯೇ. ಮುಖದ ಗುಳಿಗಳಿಗೆ ಚೂಪು ಪೆನ್ಸಿಲ್, ಬಿಳಿ ಕಲೆಗಳಿಗೆ ಬ್ಲೇಡು. ಪೆನ್ಸಿಲಿನದನ್ನು ಬೇಡವೆಂದರೆ ಒರೆಸಿ ತೆಗೆಯಬಹುದು, ಬ್ಲೇಡಿನಿಂದ ಕೆರೆದದ್ದು ಹೋದದ್ದೇ. ನನ್ನ ಕೈ ಚೆನ್ನಾಗಿತ್ತು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಂಡು ನೋಡಲು ಕಳಿಸುವ ಫೋಟೊ, ಹೆಣ್ಣು ನೋಡಲು ಕಳಿಸುವ ಫೋಟೊ ಎಂದು ಚನ್ನಗಿರಿ, ನ್ಯಾಮತಿ ಕಡೆಯಿಂದಲೂ ಜನ ಬರುತ್ತಿದ್ದರು. ನಾನು ಯಾರ ಮುಖದ ಮೇಲೂ ಒಂದು ಮೊಡವೆ ಉಳಿಸಿದವನಲ್ಲ. ಆ ಸೀಮೆಯ ಎಷ್ಟೋ ಮದುವೆಗಳ ಪಾಪ ನನ್ನ ಪೆನ್ಸಿಲಿನ ಮೇಲಿದೆ.

ಒಂದು ದಿನ ಉಬ್ರಾಣಿ ಕಡೆಯ ಹೆಂಗಸೊಬ್ಬರು ಬಂದರು. ಹೆಸರು ಗಂಗಮ್ಮ. ಮಗ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದವನು, ಕಾಮಾಲೆಯಾಗಿ ತೀರಿಕೊಂಡಿದ್ದ. ಮನೆಯಲ್ಲಿ ಅವನದೊಂದು ಫೋಟೊ ಇಲ್ಲ. ಗಿರಣಿಯ ಕಾರ್ಡಿಗೆಂದು ಇಲ್ಲೇ ಒಂದು ಸಣ್ಣ ಫೋಟೊ ತೆಗೆಸಿದ್ದೆ ಎಂದು ಅವನು ಹೇಳಿದ್ದು ನೆನಪಾಗಿ ಕೇಳಿಕೊಂಡು ಬಂದಿದ್ದರು. ಗೌಸ್ ಸಾಹೇಬರು ಹಳೆಯ ಡಬ್ಬಗಳನ್ನೆಲ್ಲ ತಡಕಿ ನೆಗೆಟಿವ್ ಹುಡುಕಿದರು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡುವುದೆಂದಾಯಿತು. ಟಚಿಂಗ್ ನನ್ನ ಪಾಲಿಗೆ ಬಂತು.

ಸತ್ತ ಹುಡುಗ, ದುಃಖದಲ್ಲಿರುವ ತಾಯಿ. ಇದನ್ನಾದರೂ ಅಚ್ಚುಕಟ್ಟಾಗಿ ಮಾಡಿಕೊಡಬೇಕು ಎಂದು ಮನಸ್ಸಿಟ್ಟು ಕೂತೆ. ಹುಡುಗನ ಕೆನ್ನೆಯ ತುಂಬ ಸಿಡುಬಿನಂಥ ಗುಳಿಗಳಿದ್ದವು, ಅವುಗಳ ಬಿಳಿ ಅಂಚನ್ನು ಬ್ಲೇಡಿನಿಂದ ಕೆರೆದು, ನಡುವನ್ನು ಪೆನ್ಸಿಲಿನಿಂದ ತುಂಬಿದೆ. ಹುಬ್ಬನ್ನು ಎರಡು ಮಾಡಿದ್ದ ಗಾಯದ ಬಿಳಿ ಗೆರೆಯನ್ನೂ ಕೆರೆದೆ. ಫೋಟೊ ಕೈಗೆ ಬಂದಾಗ ಮದುಮಗನೇ ಅನ್ನಬೇಕು, ಹಾಗಿತ್ತು.

ಗಂಗಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅಳುತ್ತಾರೆ ಎಂದು ಕಾದೆ. ಅವರು ಅಳಲಿಲ್ಲ, ಗಲಾಟೆಯನ್ನೂ ಮಾಡಲಿಲ್ಲ. ಮೆಲ್ಲಗೆ ಫೋಟೊವನ್ನು ಮೇಜಿನ ಮೇಲಿಟ್ಟರು.

"ಇದು ನಮ್ಮ ಹುಡುಗಂದಲ್ಲಪ್ಪ. ಕವರು ಬದಲಾಗೈತೆ ನೋಡು."

ಕವರಿನ ಮೇಲಿನ ನಂಬರು ತೋರಿಸಿದೆ, ಅದೇ ಎಂದು ವಾದಿಸಿದೆ. ಅವರು ಮತ್ತೆ ನೋಡಿ, ಅಂಗಿ ಮಾತ್ರ ಅವನದೇ ಎಂದರು. ಆಮೇಲೆ ಬೆಂಚಿನ ಮೇಲೆ ಕೂತು, ನಾವು ಸರಿಯಾದ ಕವರು ಹುಡುಕಿ ಕೊಡುತ್ತೇವೆಂದು ಕಾಯತೊಡಗಿದರು. ಅವರು ಹಾಗೆ ನಂಬಿ ಕೂತದ್ದನ್ನು ನನಗೆ ಈಗಲೂ ನೆನೆಯಲು ಆಗುವುದಿಲ್ಲ. ಇದ್ದದ್ದು ಒಂದೇ ನೆಗೆಟಿವ್, ಅದರ ಮೇಲೆ ನಾನು ಬ್ಲೇಡು ಆಡಿಸಿಯಾಗಿತ್ತು.

ಗೌಸ್ ಸಾಹೇಬರು ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿ ಗಂಗಮ್ಮನನ್ನು ಕೂರಿಸಿ, "ಅಮ್ಮ ಹೇಳ್ತಾರೆ, ನೀನು ಹಾಕು" ಎಂದು ಡಾರ್ಕ್ ರೂಮಿಗೆ ಹೋದರು. ನನ್ನ ಕೈಯಲ್ಲಿ ಕುಂಚ, ಮುಂದೆ ಅದೇ ದೊಡ್ಡ ಫೋಟೊ, ಮಸಿ ಮತ್ತು ಬಿಳಿ ಬಣ್ಣ. ಎಲ್ಲಿ ಎಂದು ಕೇಳಿದೆ. ಫೋಟೊ ಮುಟ್ಟಿದರೆ ಎಲ್ಲಿ ಹಾಳಾದೀತೋ ಎಂದು ಹೆದರಿ ಅವರು ನನ್ನ ಕೆನ್ನೆಯ ಮೇಲೆಯೇ ಬೆರಳಿಟ್ಟು ತೋರಿಸಿದರು. ಒರಟು ಬೆರಳು. ಇಲ್ಲೊಂದು, ಇದರ ಕೆಳಗೆ ಎರಡು, ಕೂಡಿಕೊಂಡಂಗೆ. ಇದು ಮೈಮೇಲೆ ಅಮ್ಮ ಎದ್ದಾಗ ಆದದ್ದು, ಒಂದು ದಿನ ಅವನನ್ನು ಬಿಟ್ಟು ಕಳೆ ಕೀಳಾಕೆ ಹೋಗಿದ್ದೆ, ಕೆರೆದುಕೊಂಡುಬಿಟ್ಟ ಎಂದರು. ಹುಬ್ಬಿನದು ಕರು ಒದ್ದದ್ದು. ಅವರು ಹೇಳಿದ ಹಾಗೆ ಗುಳಿಗೆ ಮಸಿ, ಗೆರೆಗೆ ಬಿಳಿ ಇಡುತ್ತ ಹೋದೆ. ಹುಬ್ಬಿನ ಗೆರೆ ಎಳೆದು ಕೈ ತೆಗೆದಾಗ ಅವರು ಮುಂದಕ್ಕೆ ಬಾಗಿದರು.

"ಈಗ ಬಂದ" ಎಂದರು. ಆಮೇಲೆ ಅತ್ತರು.

ಅಂದೇ ಪಾಠ ಕಲಿತೆ ಎಂದು ಬರೆದುಕೊಳ್ಳಲು ಆಸೆಯೇನೋ ಇದೆ. ಕಲಿತಿದ್ದರೆ ಭಾನುವಾರ ಪೈಪಿನ ತುಂಡು ಅಳಿಸುತ್ತಿದ್ದೆನೆ? ಸ್ಟುಡಿಯೋ ಬಿಟ್ಟು ಮೇಷ್ಟ್ರಾದೆ, ಕ್ಯಾಮೆರಾ ಕೊಂಡೆ, ಕಂಪ್ಯೂಟರ್ ಬಂತು. ಅಳಿಸುವುದು ಎಷ್ಟು ಸಲೀಸಾಯಿತೆಂದರೆ ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಇರಲಿ, ನನ್ನನ್ನು ನಾನೇ ಬೈದುಕೊಳ್ಳಲು ಆ ಮಧ್ಯಾಹ್ನ ಪುರುಸೊತ್ತೂ ಇರಲಿಲ್ಲ. ಟ್ರ್ಯಾಕ್ಟರ್ ಮಾರನೆಯ ಬೆಳಿಗ್ಗೆ ಬರುವುದಿತ್ತು. ಈ ಸಲ ಮೂಲ ಫೋಟೊ ಭದ್ರವಾಗಿತ್ತು, ಬ್ಲೇಡಿನ ಕಾಲವಲ್ಲ ಇದು. ತಿಪ್ಪೇಸ್ವಾಮಿಗೆ ಫೋನ್ ಮಾಡಿ, ಅಣ್ಣನ ಕೈಗೆ ಕೊಡು ಎಂದೆ.

ಓಬಣ್ಣನವರ ಮಾತಿನಲ್ಲಿ ಬಿಗುವಿತ್ತು. ನಾನು ಹಕ್ಕಿಯ ಸುದ್ದಿಯನ್ನೇ ಎತ್ತಲಿಲ್ಲ. ಆ ಮೂಲೆಯಲ್ಲಿ ಏನೇನಿದೆ ಹೇಳಿ ಎಂದು ಕೇಳಿದೆ. ಮಂಚದ ಮೇಲೆ ಮಲಗಿದ್ದವರು ಹೊಲದಲ್ಲೇ ನಡೆದಾಡುತ್ತಿರುವವರಂತೆ ಹೇಳಿದರು.

"ಗಡಿಯ ಬಾಂದು ಕಲ್ಲು ಐತಲ್ರೀ, ಅರ್ಧ ಮುರಿದಿದ್ದು. ಅದರ ಮಗ್ಗುಲಿಗೆ ಹೋದ ವರ್ಷ ಹಂದಿ ಕಡಿದ ಪೈಪು ಬಿದ್ದೈತೆ. ಮಣ್ಣು ಅಲ್ಲಿ ಕೆಂಪಲ್ಲ, ಸುಣ್ಣದ ಬೂದಿ ಥರ."

ಹೊನ್ನಿನ ಬಣ್ಣ ಕೊಟ್ಟಿದ್ದು ಆ ಮಣ್ಣಿಗೆ! ಫೋನ್ ಇಟ್ಟು ಕೆಲಸಕ್ಕೆ ಕೂತೆ. ಠೀವಿಯ ಫೋಟೊ ಬಿಟ್ಟು, ಮೊದಲು ತಿರಸ್ಕರಿಸಿದ್ದ ಒಂದನ್ನು ತೆಗೆದುಕೊಂಡೆ. ಅದರಲ್ಲಿ ಹಕ್ಕಿ ಮೊಟ್ಟೆ ಹೊರಳಿಸಲು ಅರ್ಧ ಎದ್ದು, ಬೆನ್ನು ಗೂನು ಮಾಡಿಕೊಂಡು, ನೋಡಲು ಚೂರೂ ಚೆನ್ನಾಗಿರಲಿಲ್ಲ. ಆದರೆ ಕಾಲ ಸಂದಿಯಲ್ಲಿ ಏನೋ ಇತ್ತು. ಝಳದ ಮಬ್ಬನ್ನು ಎಷ್ಟು ಬೇಕೋ ಅಷ್ಟೇ ತೆಗೆದೆ. ಹೊಟ್ಟೆಯ ಕೆಳಗಿನ ನೆರಳನ್ನು ಮಾತ್ರ ಮೆಲ್ಲಗೆ ಎತ್ತಿದೆ. ಕಣ್ಣು, ಕಾಲು, ಜೋಲು ಒಂದಿಷ್ಟು ಚೂಪಾದವು. ಒಂದು ಬಣ್ಣವನ್ನೂ ಹೊರಗಿನಿಂದ ತರಲಿಲ್ಲ. ಹಳದಿ ಅದರದೇ, ಮಬ್ಬಿನಡಿ ಇದ್ದದ್ದು. ನೆರಳು ತಿಳಿಯಾಗುತ್ತ ಒಂದು ಮೊಟ್ಟೆ ಪೂರ್ತಿ, ಇನ್ನೊಂದರ ಅಂಚು ಕಂಡವು. ಪೈಪು, ಕಲ್ಲು, ಚೀಲದ ಚೂರು ಇದ್ದಲ್ಲೇ ಇದ್ದವು. ಇಷ್ಟು ಹದವಾಗಿ ಯಾವ ಫೋಟೊವನ್ನೂ ನಾನು ತಿದ್ದಿದ್ದಿಲ್ಲ, ಇದನ್ನೂ ಸಂಕೋಚವಿಲ್ಲದೆ ಹೇಳುತ್ತೇನೆ.

ಕಳಿಸಿ, ಕಾಯುತ್ತ, ನನ್ನ ಹಳೆಯ ಹಕ್ಕಿಗಳನ್ನು ತೆರೆದು ನೋಡಿದೆ. ತಂತಿ ಅಳಿಸಿದ ನೀಲಕಂಠ, ಬೇಲಿ ಅಳಿಸಿದ ಮಿಂಚುಳ್ಳಿ, ದೋಣಿ ಅಳಿಸಿದ ಬೆಳ್ಳಕ್ಕಿ. ಒಂದಕ್ಕಿಂತ ಒಂದು ಚೆಂದ. ಅರ್ಧಕ್ಕರ್ಧ ಎಲ್ಲಿ ತೆಗೆದದ್ದೆಂದು ನನಗೇ ಗೊತ್ತಾಗಲಿಲ್ಲ. ಬೇಜಾರಾಯಿತು.

ಸಂಜೆಯ ಕಾಫಿಗೆ ಮುಂಚೆ ಫೋನ್ ಬಂತು. ಓಬಣ್ಣನವರೇ. ಪೈಪು ನಮ್ಮದೇ ಎಂದು ಶುರುಮಾಡಿದರು. ಕಲ್ಲೂ ಅದೇ. ಆಮೇಲೆ, ಕಲ್ಲಿನ ಈ ಕಡೆ ಎದ್ದು ನಿಂತದ್ದು ಏನು ಎಂದು ಕೇಳಿದರು. ನಾನು ಹೇಳಲಿಲ್ಲ. ನೀವೇ ನೋಡಿ ಎಂದೆ. ಅವರು ಮತ್ತೆ ಹಿಗ್ಗಿಸಿ ನೋಡಿರಬೇಕು. ಆಮೇಲೆ ಮೊಟ್ಟೆ ಎಷ್ಟು ಎಂದರು, ಕಾಣುವುದು ಎರಡು, ಈ ಹಕ್ಕಿ ಸಾಮಾನ್ಯವಾಗಿ ಇಡುವುದು ನಾಲ್ಕು ಎಂದೆ. ಮರಿಯಾಗಲು ಎಷ್ಟು ದಿನ ಎಂದರು, ಹೆಚ್ಚುಕಡಿಮೆ ಒಂದು ತಿಂಗಳು, ಎಷ್ಟು ದಿನ ಆಗಿದೆಯೋ ಗೊತ್ತಿಲ್ಲ ಎಂದೆ. ಅವರು ಮನಸ್ಸಿನಲ್ಲೇ ಮಳೆಯನ್ನೂ ಬಿತ್ತನೆಯನ್ನೂ ಲೆಕ್ಕ ಹಾಕುತ್ತಿದ್ದಾರೆಂದು ತಿಳಿಯಿತು.

"ಅಷ್ಟೊತ್ತಿಗೆ ಮೆಕ್ಕೆಜೋಳಕ್ಕೆ ತಡ ಆಗ್ತದೆ" ಎಂದರು. ಆಮೇಲೆ ತಾವೇ ಹೇಳಿದರು: "ಆ ಮೂಲೆ ಬಿಟ್ಟು ಹೊಡಿಯಾಕೆ ಹೇಳ್ತೀನಿ. ಅಲ್ಲಿಗೆ ಹಿಂದಿಂದ ಹುರುಳಿ ಹಾಕಿದ್ರಾತು. ಹುರುಳಿ ಕಾಯ್ತದೆ ಬಿಡ್ರಿ."

ಫೋನ್ ಇಟ್ಟಮೇಲೆ ಆ ಬೂದುಗಂದು ಫೋಟೊವನ್ನೇ ನೋಡುತ್ತ ಕೂತೆ. ಅದರಲ್ಲಿ ಅಳಿಸಬೇಕಾದ್ದು ಏನೂ ಕಾಣಲಿಲ್ಲ.