ಸ್ಕಾಲರ್‌ಶಿಪ್ ಸರ್ವಮಂಗಳಾ

ಅಮೆರಿಕದ ಸ್ಯಾನ್ ಹೊಸೆಯ ಕನ್ನಡದವರ ಬಾಯಲ್ಲಿ ಸರ್ವಮಂಗಳಾ ಈಗ 'ಸ್ಕಾಲರ್‌ಶಿಪ್ ಸರ್ವಮಂಗಳಾ' ಆಗಿಹೋಗಿದ್ದಾಳೆ. ಊರಿನ ಗಂಡಸರೆಲ್ಲ ಡಾಟ್‌ಕಾಂ ಷೇರು ಏರಿತೇ ಎಂದು ಕಂಪ್ಯೂಟರಿಗೆ ಕಣ್ಣು ನೆಟ್ಟಿರುವಾಗ, ಮೂವತ್ನಾಲ್ಕು ವರ್ಷದ ಇವಳು ಕಮ್ಯುನಿಟಿ ಕಾಲೇಜಿನ ಎರಡು ವರ್ಷ ಮುಗಿಸಿ, ಯೂನಿವರ್ಸಿಟಿಗೆ ದಾಟಲು ಅರ್ಜಿಯ ಮೇಲೆ ಅರ್ಜಿ ಹಾಕುತ್ತಾಳೆ. ಸ್ಕಾಲರ್‌ಶಿಪ್ ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ ಎಂದು ಗಂಡ ನಾಗಾರ್ಜುನ ಹೇಳಿಯಾಗಿದೆ. ಕುಕ್ಕರಿನ ಮೂರು ಸೀಟಿಯೊಳಗೆ ಒಂದು ಕ್ಯಾಲ್ಕುಲಸ್ ಲೆಕ್ಕ ಬಿಡಿಸುತ್ತಾಳೆ. ಬೇಳೆ ಬೆಂದೂ ಲೆಕ್ಕ ಬೇಯದಿದ್ದರೆ ಇನ್ನೆರಡು ಸೀಟಿ ಕೂಗಿಸುತ್ತಾಳೆ, ಆ ದಿನ ಎಲ್ಲರಿಗೂ ಗಂಜಿಯಂಥ ಸಾರು. "ಈ ವಯಸ್ಸಲ್ಲಿ ಓದಿ ಯಾರನ್ನ ಉದ್ಧಾರ ಮಾಡ್ಬೇಕಮ್ಮಾ?" ಎಂದು ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಯಾರಾದರೂ ಕೆಣಕಿದರೆ, "ನನ್ನನ್ನೇ ರೀ, ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರ್ಲಿಲ್ಲ" ಎನ್ನುತ್ತ ಅವರ ತಟ್ಟೆಗೇ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸುತ್ತಾಳೆ. ಮೊನ್ನೆ ಕೊನೆಯ ಅರ್ಜಿಯಲ್ಲಿ 'ಕೆಲಸದ ಅನುಭವ' ಎಂಬ ಕಾಲಮ್ಮು ಬಂತು. "ಏನೂ ಇಲ್ಲ ಅಂತ ಬರಿ," ಎಂದ ಗಂಡ. ಅವಳು ಬರೆದಳು: ಒಂಬತ್ತು ವರ್ಷ, ಅಡುಗೆ, ಮಗು, ಮನೆ, ವಾರಕ್ಕೆ ಎಂಬತ್ತು ಗಂಟೆ. ಇದು ನಿಜವೇ ಎಂದು ಯಾರನ್ನು ಕೇಳಬೇಕು ಎಂಬಲ್ಲಿ ಗಂಡನ ಹೆಸರು, ಅವನ ಆಫೀಸಿನ ಫೋನ್ ನಂಬರು. "ಫೋನ್ ಬಂದ್ರೆ ನಿಜ ಹೇಳಿ, ಸಾಕು." ನಾಗಾರ್ಜುನ ಹಾಳೆಯನ್ನು ಎರಡು ಸಲ ಓದಿ, ತಗ್ಗಿದ ದನಿಯಲ್ಲಿ, "ರಜೆ ಎಷ್ಟು ತಗೊಂಡಿದ್ದಾಳೆ ಅಂತ ಕೇಳಿದ್ರೆ?" ಎಂದ. "ಒಂದು ದಿನ. ಮಗಳು ಹುಟ್ಟಿದ ದಿನ," ಎಂದವಳು ಕವರಿಗೆ ಅಂಟು ಹಚ್ಚುತ್ತ, "ಬೇಡ, ಅದನ್ನೂ ಕೆಲಸಕ್ಕೇ ಸೇರಿಸಿ," ಎಂದಳು.