ಸದ್ದು ನಿಂತ ದವಡೆ

ಇವತ್ತು ಬೆಳಿಗ್ಗೆ ನನ್ನ ಮೇಜಿಗೆ ಬಂದ ಸ್ಕ್ಯಾನಿನ ಜೊತೆ ತೆಲುಗಿನಲ್ಲಿ ಬರೆದ ಚೀಟಿಯೊಂದಿತ್ತು. ಬಾಯಿ ತೆರೆದಾಗ ದವಡೆಯಲ್ಲಿ ಬರುತ್ತಿದ್ದ ಸದ್ದು ಎರಡು ತಿಂಗಳಿಂದ ತಾನಾಗಿಯೇ ನಿಂತಿದೆ ಎಂದು. ನೀವಾದರೆ, ಸದ್ಯ ವಾಸಿಯಾಯಿತಲ್ಲ ಎಂದುಕೊಳ್ಳುತ್ತೀರಿ. ನಮ್ಮ ರಾಯದುರ್ಗದ ಮನೆಯವರೂ ಒಮ್ಮೆ ಹಾಗೆಯೇ ಅಂದುಕೊಂಡಿದ್ದರು.

ನಾನು ವೈದ್ಯೆಯಲ್ಲ. ಊರಿನವರು ಹಾಗೆಂದು ತಿಳಿದು ಹಲ್ಲುನೋವಿಗೆ ಮಾತ್ರೆ ಕೇಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ನನ್ನ ಕೆಲಸ ಗೆರೆ ಎಳೆಯುವುದು. ದವಡೆ ಕೀಲಿನ ಕಾಯಿಲೆಯ ಅಧ್ಯಯನ ನಡೆಸುವ ಆಸ್ಪತ್ರೆಯಲ್ಲಿ ಕುಳಿತು, ಒಬ್ಬೊಬ್ಬರದೂ ಬಾಯಿ ಮುಚ್ಚಿದ ಚಿತ್ರ ಒಂದು, ತೆರೆದದ್ದು ಒಂದು, ಎರಡರಲ್ಲೂ ಮೂಳೆಯ ಅಂಚನ್ನೂ ನಡುವಿನ ಮೆತ್ತೆಯನ್ನೂ ಗುರುತಿಸುತ್ತೇನೆ. ನನ್ನ ಗೆರೆಗಳನ್ನು ನೋಡಿ ಕಂಪ್ಯೂಟರ್ ಕಲಿಯುತ್ತದಂತೆ. ಆ ಮೆತ್ತೆ ಮುಂದಕ್ಕೆ ಜಾರಿ, ಬಾಯಿ ತೆರೆದಾಗ ಮರಳಿ ಜಾಗಕ್ಕೆ ಕೂತರೆ ಟಕ್ ಎನ್ನುತ್ತದೆ.

ನಮ್ಮ ಚಿಕ್ಕಮ್ಮನ ದವಡೆ ಹಾಗೆ ಟಕ್ ಎನ್ನುತ್ತಿತ್ತು. ಮಡಕಶಿರಾ ಕಡೆಯ ಗುಡಿಬಂಡೆಯಿಂದ ಚಿಕ್ಕಪ್ಪನನ್ನು ಮದುವೆಯಾಗಿ ಬಂದವಳು; ಮುದ್ದೆಯ ಸೀಮೆಯಿಂದ ರೊಟ್ಟಿಯ ಸೀಮೆಗೆ. ಆಗ ಎರಡೂ ಊರಿಗೆ ಜಿಲ್ಲೆ ಒಂದೇ, ದವಡೆಗೆ ಮಾತ್ರ ಬೇರೆ ದೇಶ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ನಮ್ಮ ಜೋಳದ ರೊಟ್ಟಿಯನ್ನು ನುಂಗಲು ಹೋದರೆ ಬೇರೆಯೇ ಡಾಕ್ಟರು ಬೇಕು. ಊಟಕ್ಕೆ ಕೂತರೆ ತುತ್ತಿಗೊಂದು ಟಕ್. ನಾನು ಎದುರಿಗೇ ಕೂತು ನಾಲಿಗೆಯಲ್ಲಿ ಅದೇ ಸದ್ದು ಮಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು, ಕೆನ್ನೆ ಹಿಡಿದುಕೊಂಡು. ಆ ಕೈ ಯಾಕೆ ಅಲ್ಲಿತ್ತೆಂದು ಯಾರೂ ಕೇಳಲಿಲ್ಲ.

ಅವಳ ಅಣ್ಣ ಬಂದಾಗಲೆಲ್ಲ ಗುಟ್ಟಾಗಿ ರಾಗಿಹಿಟ್ಟು ಕೊಟ್ಟು ಹೋಗುತ್ತಿದ್ದ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಚಿಕ್ಕಮ್ಮ ಮುಷ್ಟಿಯಷ್ಟು ಮುದ್ದೆ ಮಾಡಿಕೊಂಡು ಅರ್ಧ ನನಗೆ ಕೊಡುತ್ತಿದ್ದಳು. "ಅಗೀಬ್ಯಾಡ ಕಣೆ, ಹಂಗೇ ನುಂಗು," ಎನ್ನುತ್ತಿದ್ದಳು. ತಿಂದ ಬಾಯಲ್ಲೇ ಒಂದು ದಿನ ಅಜ್ಜಿಗೆ ಹೇಳಿಬಿಟ್ಟೆ. ಬೀಗರ ಮನೆಯ ಹಿಟ್ಟಿನಲ್ಲಿ ಸೊಸೆ ಹೊಟ್ಟೆ ತುಂಬಿಸಿಕೊಳ್ಳುವುದೆಂದರೆ ಅಜ್ಜಿಗೆ ಮನೆತನದ ಮರ್ಯಾದೆಯ ಮಾತು. ಆ ಅಣ್ಣ ಮತ್ತೆ ಬಂದಾಗ ಅಜ್ಜಿ ಹಿಟ್ಟಿನ ಚೀಲವನ್ನು ಅವನ ಕಾಲ ಬಳಿ ಇಟ್ಟು, "ಯಾಕ್ರಿ, ನಮ್ಮನ್ಯಾಗ ಜ್ವಾಳಕ್ಕ ಬರ ಬಂದೈತೇನ್ರಿ?" ಎಂದಳು. ಅವನು ಹಿಟ್ಟು ಹೊತ್ತು ಬಸ್ಸು ಹತ್ತಿದ. ಚಿಕ್ಕಮ್ಮ ನನ್ನ ತಲೆ ಸವರಿ, "ಹೋಗ್ಲಿ ಬುಡವ್ವ, ಮಕ್ಳ ಬಾಯಿ," ಎಂದಳಷ್ಟೆ. ಆಮೇಲೆ ಅವಳ ಊಟ ಎಲ್ಲರೂ ಎದ್ದ ಮೇಲೆ, ಸಾರಿನಲ್ಲಿ ರೊಟ್ಟಿ ನೆನೆಯಲು ಬಿಟ್ಟು.

ಅದೇ ವರ್ಷ ಸದ್ದು ನಿಂತಿತು. "ರೊಟ್ಟಿ ತಿಂದು ತಿಂದು ದವಡಿ ಗಟ್ಟಿ ಆತು ನೋಡ್ರಿ," ಎಂದು ಅಜ್ಜಿ ಬಂದವರಿಗೆಲ್ಲ ಹೇಳಿದಳು. ಮೆತ್ತೆ ಪೂರ್ತಿ ಜಾರಿ ಮರಳಿ ಬಾರದೆ ಹೋದರೂ ಸದ್ದು ನಿಲ್ಲುತ್ತದೆ, ಆಮೇಲೆ ಬಾಯಿ ಎರಡು ಬೆರಳಗಲ ತೆರೆದರೆ ಹೆಚ್ಚು ಎಂದು ನನಗೆ ತಿಳಿದದ್ದು ಈ ಕೆಲಸಕ್ಕೆ ಸೇರಿದ ಮೇಲೆ. ಅಷ್ಟು ಹೊತ್ತಿಗೆ ಅವಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳ ದವಡೆಯ ಚಿತ್ರ ಎಲ್ಲಿಯೂ ಇಲ್ಲ. ದಿನಾ ಯಾರ್ಯಾರದೋ ಕೀಲಿಗೆ ಗೆರೆ ಎಳೆಯುತ್ತ ಅವಳದನ್ನೇ ಹುಡುಕುತ್ತೇನೆ. ಆ ಟಕ್ ಇನ್ನೊಮ್ಮೆ ಕೇಳಲು ಎಷ್ಟು ಆಸೆಯೆಂದರೆ, ಒಬ್ಬಳೇ ಇದ್ದಾಗ ನಾಲಿಗೆಯಲ್ಲಿ ಮಾಡಿ ನೋಡುತ್ತೇನೆ. ಸರಿ ಬರುವುದಿಲ್ಲ.

ಇವತ್ತು ಮಾತ್ರ ಚೀಟಿ ಹಿಡಿದು ಕುರ್ಚಿ ಬಿಟ್ಟೆದ್ದು ಹೊರಗೆ ಹೋದೆ. ಬೆಂಚಿನ ಮೇಲೆ ಆ ಚೀಟಿಯ ಹೆಂಗಸು, ಕಣೇಕಲ್ಲಿನವಳು; ಪಕ್ಕದಲ್ಲಿ ಅವಳ ಅತ್ತೆ. "ಸದ್ದು ನಿಂತೈತ್ರಿ, ಆರಾಮ ಆಗ್ಯಾಳ," ಎಂದರು ಅತ್ತೆ.

ನಾನು ಸೊಸೆಯನ್ನೇ ಕೇಳಿದೆ, "ಊಟ ಹೆಂಗ ಮಾಡ್ತೀರಿ?"

ಅವಳು ಅತ್ತೆಯ ಕಡೆ ಒಮ್ಮೆ ನೋಡಿ, ಕೆನ್ನೆ ಹಿಡಿದುಕೊಂಡು ಮೆಲ್ಲಗೆ ಹೇಳಿದಳು, "ಎಲ್ರೂ ಎದ್ದ ಮ್ಯಾಲ, ರೊಟ್ಟಿ ನೆನಸ್ಕೊಂಡು ತಿಂತೀನ್ರಿ."

ನಾನು ಹೋಗಿ ಅತ್ತೆಯ ಪಕ್ಕ ಕೂತೆ. ಚಿಕ್ಕಂದಿನಲ್ಲಿ ಒಬ್ಬ ಅತ್ತೆಯ ಮುಂದೆ ಬಾಯಿಬಿಟ್ಟು ಕೆಡಿಸಿದವಳು, ಈಗ ಇನ್ನೊಬ್ಬರ ಮುಂದೆ ಬಾಯಿ ತೆರೆದೆ.

"ಆರಾಮ ಆಗಿಲ್ರಿ, ಅಮ್ಮ. ಮನಿಗೆ ಹೋಗೋವಾಗ ಒಂದೀಟು ರಾಗಿಹಿಟ್ಟು ತಗೊಂಡು ಹೋಗ್ರಿ."